ಮುಕ್ತ ಕಾರ್ಯಾಚರಣ ವ್ಯವಸ್ಥೆಗಳಿಗೆ ಸಾಮಾನ್ಯರ ವಲಸೆ: ಕಾರಣಗಳ ವಿಚಾರ

೧

ಕಂಪ್ಯೂಟರನ್ನು ಬಳಸುವವನು ಅದರ ಲೋಹ ತಂತಿಗಳೊಡನೆ ನೇರವಾಗಿ ವ್ಯವಹರಿಸುವುದಿಲ್ಲ. ಯಂತ್ರಕ್ಕೂ ಮನುಷ್ಯನಿಗೂ ನಡುವೆ ನಿಂತು, ಬರೆದುದನ್ನು ಕಾದಿರಿಸುವ, ಬೇಕಾದುದನ್ನು ತೆರೆದು ತೋರಿಸುವ, ಅಚ್ಚಿನ ಯಂತ್ರಕ್ಕೆ ಆಜ್ಞೆಯನ್ನು ಒಯ್ಯುವ ತಂತ್ರಾಂಶಗಳ ಸಮೂಹವೊಂದುಂಟು. ಇದಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಬಹುಮಂದಿಗೆ ಇದು ಕೊಂಡ ಯಂತ್ರದೊಡನೆಯೇ ಬರುವುದರಿಂದ, ಇದನ್ನು ಆರಿಸಿಕೊಳ್ಳಲು ಅವಕಾಶವಿತ್ತೆಂಬ ಅರಿವೂ ಅವರಿಗಿರುವುದಿಲ್ಲ. ಹೀಗಿದ್ದರೂ, ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸನ್ನು ತಾವಾಗಿ ತೊರೆದು ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಮುಕ್ತ ವ್ಯವಸ್ಥೆಗಳಿಗೆ ಬಂದವರು ಈ ಶತಮಾನದ ಮೊದಲ ದಶಕದಿಂದೀಚೆಗೆ ಎಲ್ಲ ದೇಶಗಳಲ್ಲಿಯೂ ಕಂಡುಬರುತ್ತಾರೆ. ಒಟ್ಟು ಬಳಕೆದಾರರಲ್ಲಿ ಇವರ ಪ್ರಮಾಣ ಅಲ್ಪವೇ ಸರಿ. ಆದರೆ ಇವರಲ್ಲಿ ಯಂತ್ರಜ್ಞರಲ್ಲದವರೂ ಸೇರಿರುವುದರಿಂದ, ಇವರು ಬಂದುದೇಕೆಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಮುಕ್ತ ವ್ಯವಸ್ಥೆಗೆ ಬೆಲೆ ತೆರಬೇಕಾಗಿಲ್ಲವೆಂಬುದು ಮೊದಲನೆಯದು. ಅದರ ಮೂಲಸಂಕೇತವನ್ನು ಓದುವ, ತಿದ್ದುವ, ನಕಲು ಮಾಡಿ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಉಂಟೆಂಬುದು ಎರಡನೆಯದು. ಎರಡೂ ಸತ್ಯವಾದ ಮಾತುಗಳೇ. ಆದರೆ ಒಂದು ವಸ್ತುವಿನ ಗುಣವೇ ಜನರು ಅದನ್ನು ಹಿಡಿಯುವುದಕ್ಕೆ ಕಾರಣವಾಯಿತೆಂದು ಹೇಳಬೇಕಾದರೆ, ಗುಣವಿದ್ದ ಕಾಲದಲ್ಲೆಲ್ಲ ಜನರು ಬಂದುದನ್ನು ತೋರಿಸಬೇಕಾಗುತ್ತದೆ. ಚರಿತ್ರೆಯು ಹಾಗೆ ತೋರಿಸುವುದಿಲ್ಲ. ಅದು ತೋರಿಸುವುದು ಬೇರೊಂದನ್ನು: ಈ ವಲಸೆಯ ಮೂಲದಲ್ಲಿರುವುದು ಹೊಸತರ ಮೋಹಕ್ಕಿಂತ ಹೆಚ್ಚಾಗಿ ಹಳೆಯದನ್ನು ಉಳಿಸಿಕೊಳ್ಳುವ ಇಚ್ಛೆ. ಕೈಗೆ ಒಗ್ಗಿದ ಯಂತ್ರವನ್ನು, ಅಭ್ಯಾಸವಾದ ಕ್ರಮವನ್ನು, ಬರೆದಿಟ್ಟ ಕಾಗದಪತ್ರಗಳನ್ನು ಕಾಪಾಡಿಕೊಳ್ಳುವುದಕ್ಕಾಗಿಯೇ ಜನರು ವ್ಯವಸ್ಥೆಯನ್ನು ಬದಲಾಯಿಸಿದ್ದಾರೆ. ಈ ಮಾತನ್ನು ಕಾಲಾನುಕ್ರಮದಿಂದ ಪರೀಕ್ಷಿಸಬಹುದು.

೨

ರಿಚರ್ಡ್ ಸ್ಟಾಲ್‌ಮನ್ ಎಂಬಾತನು ಗ್ನೂ ಎಂಬ ಹೆಸರಿನಲ್ಲಿ ಸ್ವತಂತ್ರವಾದ ವ್ಯವಸ್ಥೆಯೊಂದನ್ನು ನಿರ್ಮಿಸುವುದಾಗಿ ಪ್ರಕಟಿಸಿದುದು ೧೯೮೩ನೆಯ ಸೆಪ್ಟೆಂಬರ್ ೨೭ರಂದು. ಅಮೆರಿಕಾದ ಎಂ.ಐ.ಟಿ. ವಿದ್ಯಾಸಂಸ್ಥೆಯ ಪ್ರಯೋಗಶಾಲೆಯಲ್ಲಿ ತಂತ್ರಾಂಶವನ್ನು ನೆರೆಹೊರೆಯವರಂತೆ ಹಂಚಿಕೊಳ್ಳುತ್ತಿದ್ದ ರೂಢಿ ಅಳಿಯುತ್ತಿದ್ದುದನ್ನು ಆತನು ಕಂಡಿದ್ದನು. ಆ ರೂಢಿಯನ್ನು ಮತ್ತೆ ನೆಲೆಗೊಳಿಸುವುದೇ ಆತನ ಸಂಕಲ್ಪವಾಗಿತ್ತು. ೧೯೮೫ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ಸ್ಥಾಪಿತವಾಯಿತು. ೧೯೮೯ರಲ್ಲಿ ಸಾರ್ವಜನಿಕ ಪರವಾನಗಿಯೆಂಬ ಧರ್ಮಪತ್ರವು ರಚಿತವಾಯಿತು. ಪಡೆದವನು ತಿದ್ದಿ ಹಂಚಬಹುದು, ಹಂಚಿದಾಗ ತಾನು ಪಡೆದ ಹಕ್ಕನ್ನು ಮುಂದಿನವನಿಗೂ ಕೊಡಬೇಕು ಎಂಬುದು ಅದರ ಸಾರ. ೧೯೯೧ನೆಯ ಆಗಸ್ಟ್ ೨೫ರಂದು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ, ೨೧ ವರ್ಷ ವಯಸ್ಸಿನ ಲೀನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸವಾಗಿ ರಚಿಸುತ್ತಿದ್ದ ವ್ಯವಸ್ಥೆಯ ಸುದ್ದಿಯನ್ನು ಇತರರಿಗೆ ತಿಳಿಸಿದನು. ಅದೇ ಲಿನಕ್ಸ್. ಮರುವರ್ಷ ಅದೂ ಗ್ನೂ ಪರವಾನಗಿಯ ಅಡಿಗೆ ಬಂದಿತು. ಗ್ನೂವಿನ ಉಪಕರಣಗಳೂ ಲಿನಕ್ಸ್ ಎಂಬ ತಿರುಳೂ ಕೂಡಿದುದರಿಂದ ಪೂರ್ಣ ವ್ಯವಸ್ಥೆಯೊಂದು ಸಿದ್ಧವಾಯಿತು.

ಈ ಎರಡು ಭಾಗಗಳನ್ನೂ ಸಹಸ್ರಾರು ಸಣ್ಣ ತಂತ್ರಾಂಶಗಳನ್ನೂ ಒಂದು ಕಟ್ಟಾಗಿ ಕಟ್ಟಿ ಕೊಡುವ ಪದ್ಧತಿಗೆ ವಿತರಣೆಯೆಂದು ಹೆಸರು. ೧೯೯೩ರಲ್ಲಿ ಸ್ಲ್ಯಾಕ್‌ವೇರ್, ಡೆಬಿಯನ್ ಎಂಬ ಎರಡು ವಿತರಣೆಗಳು ಹುಟ್ಟಿದವು. ಎರಡೂ ಇಂದಿಗೂ ಜೀವಂತವಾಗಿವೆ. ಎಂದರೆ, ೧೯೯೩ರ ಹೊತ್ತಿಗೇ ಬೆಲೆಯಿಲ್ಲದ, ಬಂಧನವಿಲ್ಲದ ವ್ಯವಸ್ಥೆಯು ಲೋಕಕ್ಕೆ ದೊರೆತಿತ್ತು. ಆದರೂ ಸಾಮಾನ್ಯರು ಅದರ ಕಡೆಗೆ ಬರಲಿಲ್ಲ. ಅದನ್ನು ಯಂತ್ರದಲ್ಲಿ ನೆಲೆಗೊಳಿಸಬೇಕಾದರೆ ಸಂಗ್ರಹದ ತಟ್ಟೆಯನ್ನು ಭಾಗಗಳಾಗಿ ಹಂಚುವ ಕ್ರಮ ತಿಳಿದಿರಬೇಕಾಗಿತ್ತು. ಪರದೆಯ ಗುಣಲಕ್ಷಣಗಳನ್ನು ಕಡತವೊಂದರಲ್ಲಿ ಕೈಯಿಂದ ಬರೆಯಬೇಕಾಗಿತ್ತು. ಬರೆದುದು ತಪ್ಪಿದರೆ ಕಪ್ಪು ಪರದೆಯಷ್ಟೇ ಉಳಿಯುತ್ತಿತ್ತು. ಬೆಲೆಯೂ ಸ್ವಾತಂತ್ರ್ಯವೂ ಸಾಕಾದ ಕಾರಣಗಳಾಗಿದ್ದರೆ ಈ ದಶಕದಲ್ಲಿಯೇ ವಲಸೆ ನಡೆಯಬೇಕಾಗಿತ್ತು. ನಡೆಯಲಿಲ್ಲವಾದುದರಿಂದ ಅವೆರಡೂ ಸಾಲವೆಂದು ತಿಳಿಯುತ್ತದೆ.

೩

ಬಾಗಿಲು ತಗ್ಗಲಾರಂಭಿಸಿದುದು ೧೯೯೬ರಿಂದ. ಆ ವರ್ಷ ಜರ್ಮನಿಯ ಮಥಿಯಾಸ್ ಎಟ್ರಿಷ್ ಎಂಬ ವಿದ್ಯಾರ್ಥಿಯು ಕೆಡಿಇ ಎಂಬ ಚಿತ್ರಮಯ ಮೇಜಿನ ಯೋಜನೆಯನ್ನು ಆರಂಭಿಸಿದನು. ೧೯೯೭ರಲ್ಲಿ ಮೆಕ್ಸಿಕೋ ದೇಶದ ಮಿಗೆಲ್ ಡಿ ಇಕಾಜಾ, ಫೆಡೆರಿಕೋ ಮೇನಾ ಇಬ್ಬರೂ ಗ್ನೋಮ್ ಯೋಜನೆಗೆ ತೊಡಗಿದರು. ೧೯೯೮ರಲ್ಲಿ ಫ್ರಾನ್ಸಿನ ಗೇಲ್ ದ್ಯೂವಾಲ್, ಹೊಸಬರಿಗೆ ಸುಲಭವಾಗಲೆಂಬ ಉದ್ದೇಶದಿಂದಲೇ ಮ್ಯಾಂಡ್ರೇಕ್ ವಿತರಣೆಯನ್ನು ಹೊರತಂದನು. ೧೯೯೯ರಲ್ಲಿ ಬಂದ ಕಾಲ್ಡೆರಾ ವಿತರಣೆಯಲ್ಲಿ, ಕಡತಗಳು ನಕಲಾಗುತ್ತಿರುವಷ್ಟು ಹೊತ್ತು ಬೇಸರ ಕಳೆಯಲೆಂದು ಟೆಟ್ರಿಸ್ ಎಂಬ ಆಟವನ್ನು ಇರಿಸಿದ್ದರು. ಅಲ್ಪವಾಗಿ ತೋರುವ ಈ ಸಂಗತಿಯು ಕಾಲದ ಮಾರ್ಪಾಡನ್ನು ಸೂಚಿಸುತ್ತದೆ. ಅದುವರೆಗೆ ಪರೀಕ್ಷೆಯಂತಿದ್ದ ಕಾರ್ಯವು ಆಟವಾಡುತ್ತ ಕುಳಿತಿರಬಹುದಾದ ಕಾರ್ಯವಾಯಿತು.

ಇದಕ್ಕಿಂತಲೂ ಮುಖ್ಯವಾದ ಸುಧಾರಣೆಯು ೨೦೦೦ದಲ್ಲಿ ಜರ್ಮನಿಯ ಕ್ಲಾಸ್ ನೋಪರ್ ಎಂಬಾತನಿಂದ ಬಂದಿತು. ಆತನ ನಾಪಿಕ್ಸ್ ವ್ಯವಸ್ಥೆಯನ್ನು ಯಂತ್ರದಲ್ಲಿ ನೆಲೆಗೊಳಿಸಬೇಕಾಗಿರಲಿಲ್ಲ. ಅಡಕತಟ್ಟೆಯನ್ನು ಒಳಗಿಟ್ಟು ಯಂತ್ರವನ್ನು ಎಬ್ಬಿಸಿದರೆ ಇಡೀ ವ್ಯವಸ್ಥೆ ತಟ್ಟೆಯಿಂದಲೇ ನಡೆಯುತ್ತಿತ್ತು. ತಟ್ಟೆಯನ್ನು ಹೊರತೆಗೆದರೆ ಹಳೆಯ ವ್ಯವಸ್ಥೆ ಇದ್ದ ಹಾಗೆಯೇ ಇರುತ್ತಿತ್ತು. ಹಳೆಯದನ್ನು ಕಳೆದುಕೊಳ್ಳದೆ ಹೊಸದನ್ನು ನೋಡಬಹುದೆಂಬ ಈ ಅಭಯವೇ ಮುಂದಿನ ಎಲ್ಲ ಸುಲಭ ವಿತರಣೆಗಳಿಗೆ ಅಡಿಗಲ್ಲಾಯಿತು.

ಆ ಅಡಿಗಲ್ಲಿನ ಮೇಲೆ ಕಟ್ಟಿದವನು ದಕ್ಷಿಣ ಆಫ್ರಿಕಾದ ಮಾರ್ಕ್ ಷಟಲ್‌ವರ್ತ್. ತನ್ನ ಥಾಟ್ ಎಂಬ ಉದ್ಯಮವನ್ನು ೧೯೯೯ರಲ್ಲಿ ಮಾರಿ ಧನಿಕನಾದ ಈತನು, ೨೦೦೨ರಲ್ಲಿ ರಷ್ಯದ ನೌಕೆಯಲ್ಲಿ ಅಂತರಿಕ್ಷಕ್ಕೂ ಹೋಗಿಬಂದು, ೨೦೦೪ನೆಯ ಅಕ್ಟೋಬರ್ ೨೦ರಂದು ಡೆಬಿಯನ್ನಿನಿಂದ ಕಡೆದ ಉಬುಂಟು ವಿತರಣೆಯ ಮೊದಲ ಆವೃತ್ತಿಯನ್ನು ಹೊರತಂದನು. ದಕ್ಷಿಣ ಆಫ್ರಿಕಾದ ಜೂಲು, ಖೋಸಾ ಭಾಷೆಗಳಲ್ಲಿ ಉಬುಂಟು ಎಂದರೆ ಇತರರ ವಿಷಯದಲ್ಲಿ ತೋರುವ ಮಾನವತೆ. ಆರು ತಿಂಗಳಿಗೊಮ್ಮೆ ತಪ್ಪದೆ ಹೊಸ ಆವೃತ್ತಿ. ಒಂದೊಂದು ಕೆಲಸಕ್ಕೂ ಮೊದಲೇ ಆರಿಸಿಟ್ಟ ಒಂದೊಂದು ತಂತ್ರಾಂಶ. ಕೇಳಿದವರಿಗೆಲ್ಲ ಯಾವ ದೇಶಕ್ಕಾದರೂ ಅಂಚೆಯ ಮೂಲಕ ಬೆಲೆಯಿಲ್ಲದೆ ತಟ್ಟೆ: ಇವು ಅದರ ವೈಶಿಷ್ಟ್ಯಗಳು. ಅಂಚೆಯಿಂದ ತಟ್ಟೆ ಕಳುಹಿಸುವ ಈ ಪದ್ಧತಿಯು ೨೦೧೧ರವರೆಗೆ ನಡೆಯಿತು. ಅಂತರಜಾಲವು ಮಂದವಾಗಿದ್ದ ಭಾರತದಂತಹ ದೇಶಗಳಲ್ಲಿ ಇದರ ಉಪಕಾರ ಸಣ್ಣದಲ್ಲ. ೨೦೦೬ನೆಯ ಜೂನ್ ತಿಂಗಳ ಆವೃತ್ತಿಯಿಂದ, ನೋಡಲು ಹಾಕಿದ ತಟ್ಟೆಯಿಂದಲೇ ವ್ಯವಸ್ಥೆಯನ್ನು ನೆಲೆಗೊಳಿಸಲೂ ಅನುಕೂಲವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಕ್ಲೆಮಾಂ ಲೆಫೆವ್ರ್ ಎಂಬಾತನು ಲಿನಕ್ಸ್ ಮಿಂಟ್ ವಿತರಣೆಯನ್ನು ಆರಂಭಿಸಿದನು. ಉಬುಂಟುವಿನ ಆಧಾರದ ಮೇಲೆಯೇ ಬೆಳೆದ ಇದು, ಹಾಡು ಚಲಚ್ಚಿತ್ರಗಳನ್ನು ನಡೆಸಲು ಬೇಕಾದ ಉಪಕರಣಗಳನ್ನು ಮೊದಲೇ ಜೊತೆಗೂಡಿಸಿಕೊಟ್ಟು, ಹೊಸಬನು ಮೊದಲ ದಿನ ಎಡವುತ್ತಿದ್ದ ಹೊಸ್ತಿಲೊಂದನ್ನು ತೆಗೆದುಹಾಕಿತು.

೪

ಬಾಗಿಲು ತಗ್ಗಿದ ಮಾತ್ರಕ್ಕೆ ಯಾರೂ ಇದ್ದ ಮನೆಯನ್ನು ಬಿಟ್ಟು ಹೊರಡುವುದಿಲ್ಲ. ಹೊರಡಲು ಒಂದು ನಿಮಿತ್ತ ಬೇಕು. ಆ ನಿಮಿತ್ತವು ಹೆಚ್ಚಾಗಿ ಹಳೆಯ ಮನೆಯ ಕಡೆಯಿಂದಲೇ ಬಂದಿದೆ.

೨೦೦೧ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಗೆ ಜನರು ಬಹಳವಾಗಿ ಒಗ್ಗಿಕೊಂಡಿದ್ದರು. ೨೦೦೭ರಲ್ಲಿ ಬಂದ ವಿಸ್ಟಾ ಹೆಚ್ಚು ಶಕ್ತಿಯ ಯಂತ್ರವನ್ನೂ ಹೊಸ ಅಭ್ಯಾಸವನ್ನೂ ಬೇಡಿತು. ೨೦೧೪ನೆಯ ಏಪ್ರಿಲ್ ೮ರಂದು ಎಕ್ಸ್‌ಪಿಗೆ ಕೊಡುತ್ತಿದ್ದ ರಕ್ಷಣೆಯು ಕೊನೆಗೊಂಡಿತು. ೨೦೨೦ನೆಯ ಜನವರಿ ೧೪ರಂದು ವಿಂಡೋಸ್ ೭ಕ್ಕೂ ೨೦೨೫ನೆಯ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೂ ಅದೇ ಗತಿಯಾಯಿತು. ಈ ಕೊನೆಯದು ವಿಶೇಷವಾಗಿ ಗಮನಾರ್ಹ. ಮುಂದಿನ ಆವೃತ್ತಿಯಾದ ವಿಂಡೋಸ್ ೧೧, ಟಿಪಿಎಂ ೨.೦ ಎಂಬ ರಕ್ಷಣಾ ಅಂಗವನ್ನೂ ಈಚಿನ ಸಂಸ್ಕಾರಕವನ್ನೂ ನಿಯಮದಂತೆ ಬೇಡುವುದರಿಂದ, ಚೆನ್ನಾಗಿ ನಡೆಯುತ್ತಿದ್ದ ಅನೇಕ ಯಂತ್ರಗಳು ಆ ನಿಯಮದ ಹೊರಗೆ ಉಳಿದವು. ಮನೆಯ ಬಳಕೆದಾರರಿಗೆ ಷರತ್ತುಗಳೊಡನೆ ಇನ್ನೊಂದು ವರ್ಷದ ರಕ್ಷಣೆ ಸಿಕ್ಕಿತಾದರೂ ಅದು ಅವಧಿಯ ಮುಂದೂಡಿಕೆ ಮಾತ್ರ. ಐರ್ಲೆಂಡಿನಲ್ಲಿ ಹುಟ್ಟಿದ, ವಿಂಡೋಸನ್ನು ಬಿಟ್ಟು ಬರುವವರಿಗೆಂದೇ ರೂಪಿಸಿದ ಜೋರಿನ್ ಎಂಬ ವಿತರಣೆಯು ತನ್ನ ೧೮ನೆಯ ಆವೃತ್ತಿಯನ್ನು ಅದೇ ಅಕ್ಟೋಬರ್ ೧೪ರಂದೇ ಹೊರತಂದುದು ಈ ಸಂಬಂಧವನ್ನು ಸ್ಪಷ್ಟಪಡಿಸುತ್ತದೆ. ಇಲ್ಲಿ ಬಳಕೆದಾರನು ಬಯಸಿದುದು ಹೊಸ ವ್ಯವಸ್ಥೆಯನ್ನಲ್ಲ. ತನ್ನ ಹಳೆಯ ಯಂತ್ರ ಇನ್ನೂ ಕೆಲವು ವರ್ಷ ಬಾಳಲೆಂಬುದನ್ನು.

ಈ ಇಚ್ಛೆಯು ವಿಂಡೋಸಿನ ಬಳಕೆದಾರರಿಗೆ ಮಾತ್ರ ಸಂಬಂಧಿಸಿದುದಲ್ಲವೆಂಬುದಕ್ಕೆ ಮುಕ್ತ ವ್ಯವಸ್ಥೆಗಳ ಒಳಗೇ ನಡೆದ ವಲಸೆಯೊಂದು ಸಾಕ್ಷಿಯಾಗಿದೆ. ೨೦೧೧ನೆಯ ಏಪ್ರಿಲಿನಲ್ಲಿ ಗ್ನೋಮ್ ಯೋಜನೆಯವರು ತಮ್ಮ ಎರಡನೆಯ ಆವೃತ್ತಿಯ ಪರಿಚಿತ ರೂಪವನ್ನು ಕೈಬಿಟ್ಟು, ತೀರ ಬೇರೆಯಾದ ಮೂರನೆಯ ಆವೃತ್ತಿಯನ್ನು ಪ್ರಕಟಿಸಿದರು. ಅದೇ ತಿಂಗಳು ಉಬುಂಟು ಯೂನಿಟಿ ಎಂಬ ತನ್ನದೇ ಹೊಸ ರೂಪವನ್ನು ಮುಂದಿಟ್ಟಿತು. ಎರಡನ್ನೂ ಒಪ್ಪದವರು ಬಹುಮಂದಿ. ಇವರಿಗೆ ಆಶ್ರಯವಾದುದು ಲಿನಕ್ಸ್ ಮಿಂಟ್. ಅರ್ಜೆಂಟೀನಾದ ಬಳಕೆದಾರನೊಬ್ಬನು ಕೈಬಿಟ್ಟ ಎರಡನೆಯ ಗ್ನೋಮಿನ ಮೂಲಸಂಕೇತವನ್ನೇ ಎತ್ತಿಕೊಂಡು, ಆ ಕಡೆಯ ಜನರು ಕುಡಿಯುವ ಕಷಾಯವೊಂದರ ಹೆಸರಾದ ಮಾಟೆ ಎಂಬುದನ್ನಿಟ್ಟು ಮುಂದುವರಿಸಿದನು. ಮಿಂಟಿನವರು ಇದಕ್ಕೆ ಸ್ಥಾನಕೊಟ್ಟರು. ಜೊತೆಗೆ, ಹೊಸ ಗ್ನೋಮಿನ ಆಧಾರದ ಮೇಲೆಯೇ ಹಳೆಯ ರೂಪವನ್ನು ತೋರಿಸುವ ಸಿನಮನ್ ಎಂಬುದನ್ನು ೨೦೧೧–೧೨ರಲ್ಲಿ ತಾವೇ ರಚಿಸಿದರು. ಉಬುಂಟುವೂ ೨೦೧೭ರಲ್ಲಿ ಯೂನಿಟಿಯನ್ನು ಬಿಟ್ಟು ಗ್ನೋಮಿಗೆ ಹಿಂದಿರುಗಿತು.

ಎಕ್ಸ್‌ಪಿಯ ಅಂತ್ಯವನ್ನೂ ಎರಡನೆಯ ಗ್ನೋಮಿನ ಅಂತ್ಯವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಸ್ವಾತಂತ್ರ್ಯದ ನಿಜವಾದ ಸ್ಥಾನವು ಗೋಚರವಾಗುತ್ತದೆ. ಎರಡನ್ನೂ ಅವುಗಳ ಕರ್ತೃಗಳು ಕೈಬಿಟ್ಟರು; ಎರಡನ್ನೂ ಬಳಕೆದಾರರು ಬಿಡಲೊಲ್ಲದೆ ಹೋದರು. ಆದರೆ ಎಕ್ಸ್‌ಪಿಯನ್ನು ಮುಂದುವರಿಸುವ ಹಕ್ಕು ಮತ್ತಾರಿಗೂ ಇರಲಿಲ್ಲ. ಗ್ನೋಮನ್ನು ಮುಂದುವರಿಸಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮಡಕೆ ಕೊಳ್ಳಲು ಬಂದವನು ಮಣ್ಣಿನ ಗುಣವನ್ನು ವಿಚಾರಿಸಿ ಬಂದವನಲ್ಲ. ಮನೆಯ ಹಳೆಯ ಮಡಕೆ ಒಡೆದುದರಿಂದ ಬಂದವನು. ಆದರೂ ಮಣ್ಣಿಲ್ಲದೆ ಮಡಕೆಯಿಲ್ಲ. ಸ್ವಾತಂತ್ರ್ಯವು ವಲಸೆಗಾರನ ಉದ್ದೇಶವಲ್ಲದಿದ್ದರೂ ಆತನ ಉದ್ದೇಶವನ್ನು ಸಾಧಿಸಿಕೊಡುವ ಉಪಾದಾನವಾಗಿದೆ.

೫

ವ್ಯಕ್ತಿಗಳ ವಿಷಯದಲ್ಲಿ ಕಂಡುದು ಸಂಸ್ಥೆಗಳ ವಿಷಯದಲ್ಲಿಯೂ ಕಾಣುತ್ತದೆ. ಫ್ರಾನ್ಸಿನ ಜಾಂದಾರ್ಮರಿ ಎಂಬ ರಾಷ್ಟ್ರೀಯ ಪೋಲೀಸ್ ದಳದ ಉದಾಹರಣೆಯು ಬಹು ಬೋಧಪ್ರದವಾಗಿದೆ. ಆ ದಳದವರು ಮೊದಲು ವ್ಯವಸ್ಥೆಯನ್ನು ಮುಟ್ಟಲೇ ಇಲ್ಲ. ೨೦೦೫ರಲ್ಲಿ ವಿಂಡೋಸಿನ ಮೇಲೆಯೇ ಬರೆಹಕ್ಕೆ ಓಪನ್ ಆಫೀಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಕೆಗೆ ತಂದರು. ಅನಂತರ ಅಂತರಜಾಲಕ್ಕೆ ಫೈರ್‌ಫಾಕ್ಸ್, ಪತ್ರವ್ಯವಹಾರಕ್ಕೆ ಥಂಡರ್‌ಬರ್ಡ್ ಬಂದವು. ನೌಕರರು ಇವಕ್ಕೆ ಒಗ್ಗಿಕೊಂಡ ಮೇಲೆ, ೨೦೦೮ರಿಂದ ಕೆಳಗಿನ ವಿಂಡೋಸನ್ನು ತೆಗೆದು ಉಬುಂಟುವನ್ನು ಇರಿಸುತ್ತ ಬಂದರು. ಹೀಗೆ ನೌಕರನ ಕೈಗೆ ತಾಗುವ ಉಪಕರಣಗಳು ಇದ್ದಂತೆಯೇ ಇದ್ದು, ಕಣ್ಣಿಗೆ ಕಾಣದ ಅಡಿಪಾಯವು ಬದಲಾಯಿತು. ಎಕ್ಸ್‌ಪಿಯಿಂದ ವಿಸ್ಟಾಕ್ಕೆ ಹೋಗಬೇಕಾದರೂ ನೌಕರರಿಗೆ ಹೊಸದಾಗಿ ಶಿಕ್ಷಣ ಕೊಡಲೇಬೇಕಾಗಿದ್ದು, ಅದಕ್ಕಿಂತ ಉಬುಂಟುವಿಗೆ ಹೋಗುವುದು ಸುಲಭವೆಂಬುದು ಆ ದಳದವರು ಆಗ ಕೊಟ್ಟ ಸಮಾಧಾನವಾಗಿತ್ತು.

ಜರ್ಮನಿಯ ಮ್ಯೂನಿಕ್ ನಗರದ ಚರಿತ್ರೆಯು ಇದಕ್ಕೆ ಪ್ರತಿಯಾದುದು. ಆ ನಗರಸಭೆಯ ಸುಮಾರು ೧೪,೦೦೦ ಯಂತ್ರಗಳಲ್ಲಿದ್ದ ವಿಂಡೋಸ್ ಎನ್‌ಟಿ ೪ಕ್ಕೆ ರಕ್ಷಣೆಯು ಕೊನೆಗಾಣುವುದಿದ್ದಿತು. ಇಲ್ಲಿಯೂ ನಿಮಿತ್ತ ಅದೇ. ೨೦೦೩ನೆಯ ಮೇ ತಿಂಗಳಲ್ಲಿ ಸಭೆಯು ಲಿನಕ್ಸಿಗೆ ಹೋಗಲು ನಿರ್ಣಯಿಸಿತು. ಅದಕ್ಕೆ ಮುಂಚೆ ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಮರ್ ಸ್ವತಃ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆಯನ್ನು ಕಂಡು ಮಾತನಾಡಿದ್ದನೆಂಬುದು ಆ ನಿರ್ಣಯಕ್ಕಿದ್ದ ಮಹತ್ತ್ವವನ್ನು ತಿಳಿಸುತ್ತದೆ. ಲಿಮುಕ್ಸ್ ಎಂದು ಹೆಸರಾದ ಈ ಕಾರ್ಯವು ೨೦೦೬ರಲ್ಲಿ ಮೊದಲಾಗಿ ೨೦೧೩ರಲ್ಲಿ ಮುಗಿಯಿತು. ಆದರೆ ೨೦೧೭ನೆಯ ನವೆಂಬರಿನಲ್ಲಿ ಅದೇ ನಗರಸಭೆಯು ವಿಂಡೋಸಿಗೆ ಮರಳಲು ನಿರ್ಣಯಿಸಿತು. ರಾಜಕೀಯ ಪಕ್ಷಗಳ ಮೇಲಾಟವೂ ಇದರಲ್ಲಿ ಸೇರಿತ್ತು. ಆದರೂ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬಂದುದು ಹೊರಗಿನ ಕಚೇರಿಗಳೊಡನೆ ಕಾಗದಪತ್ರಗಳ ವಿನಿಮಯದಲ್ಲಿ ಉಂಟಾಗುತ್ತಿದ್ದ ತೊಡಕು. ಸುತ್ತಲಿನ ಲೋಕವೆಲ್ಲ ಬೇರೊಂದು ರೂಪದ ಕಾಗದಗಳನ್ನು ಕಳುಹಿಸುತ್ತಿರುವಾಗ ಒಂದು ಕಚೇರಿ ಒಂಟಿಯಾಗಿ ನಿಲ್ಲುವುದು ಕಷ್ಟ. ಜಾಂದಾರ್ಮರಿಯು ಪತ್ರಗಳನ್ನು ಮೊದಲು ಸರಿಪಡಿಸಿಕೊಂಡು ಅನಂತರ ವ್ಯವಸ್ಥೆಗೆ ಕೈಹಾಕಿತು. ಮ್ಯೂನಿಕ್ಕಿನಲ್ಲಿ ಹಲವು ಇಲಾಖೆಗಳ ಹಲವು ಪದ್ಧತಿಗಳನ್ನು ಏಕಕಾಲದಲ್ಲಿ ಒಂದುಗೂಡಿಸಬೇಕಾಗಿ ಬಂದಿತು. ೨೦೨೪ರಲ್ಲಿ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತದ ಸರ್ಕಾರವು ಸುಮಾರು ೩೦,೦೦೦ ಯಂತ್ರಗಳ ವಿಷಯದಲ್ಲಿ ಇಂತಹ ನಿರ್ಣಯವನ್ನೇ ಮಾಡಿದಾಗ, ಬರೆಹದ ತಂತ್ರಾಂಶವಾದ ಲಿಬ್ರೆ ಆಫೀಸನ್ನು ಮೊದಲಿಟ್ಟು ಲಿನಕ್ಸನ್ನು ಅನಂತರಕ್ಕಿಟ್ಟುದು ಗಮನಿಸತಕ್ಕ ವಿಷಯ.

೬

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ವ್ಯವಸ್ಥೆಯು ಯಂತ್ರದೊಡನೆಯೇ ಬರುವುದರಿಂದ ಜನರು ವಿಂಡೋಸಿನಲ್ಲಿ ಉಳಿದಿದ್ದಾರೆ, ಲಿನಕ್ಸ್ ಹಾಗೆ ಬಂದಿದ್ದರೆ ಅದರಲ್ಲಿಯೇ ಉಳಿಯುತ್ತಿದ್ದರು ಎಂಬುದು ಒಂದು. ಇದಕ್ಕೆ ಉತ್ತರವಾಗಿ ೨೦೦೭ರಲ್ಲಿ ಅಸೂಸ್ ಸಂಸ್ಥೆಯು ಲಿನಕ್ಸಿನೊಡನೆ ಹೊರತಂದ ಈ ಪಿಸಿ ಎಂಬ ಕಿರುಯಂತ್ರವನ್ನು ಹೇಳಬಹುದು. ಯಂತ್ರವು ಜನಪ್ರಿಯವಾಯಿತು, ಆದರೆ ಮೈಕ್ರೋಸಾಫ್ಟ್ ೨೦೦೮ರಲ್ಲಿ ಇಂತಹ ಕಿರುಯಂತ್ರಗಳಿಗೆಂದು ಎಕ್ಸ್‌ಪಿಯ ಮಾರಾಟವನ್ನು ಮುಂದುವರಿಸಿದೊಡನೆ ಕೊಳ್ಳುವವರು ಹೆಚ್ಚಾಗಿ ಅದನ್ನೇ ಆರಿಸಿದರು. ಕೊಂಡವರ ಅಭ್ಯಾಸವು ವಿಂಡೋಸಿನದಾಗಿದ್ದುದರಿಂದ, ತಾವು ಆರಿಸದ ಹೊಸತು ಅವರಿಗೆ ಕೊರತೆಯಾಗಿ ತೋರಿತು. ಇದಕ್ಕೆ ವ್ಯತಿರೇಕವಾದ ದೃಷ್ಟಾಂತವು ಕೇರಳದ್ದು. ೨೦೦೧ರಲ್ಲಿ ಅಲ್ಲಿನ ಸರ್ಕಾರವು ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಆ ದಶಕದಲ್ಲಿಯೇ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಮುಕ್ತ ವ್ಯವಸ್ಥೆಯ ಮೇಲೆ ನಿಲ್ಲಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲಿ ಸೇರಿದವರೇ. ಮೊದಲ ಬಾರಿಗೆ ಯಂತ್ರವನ್ನು ಮುಟ್ಟುವ ಮಗುವಿಗೆ ಕಳೆದುಕೊಳ್ಳಬೇಕಾದ ಹಳೆಯ ಅಭ್ಯಾಸವಿರುವುದಿಲ್ಲ. ಆದುದರಿಂದ ಅದಕ್ಕೆ ಇದು ವಲಸೆಯೇ ಅಲ್ಲ. ಶ್ರಮವೆಲ್ಲ ಉಪಾಧ್ಯಾಯರದು. ಅವರಿಗೆ ಮೊದಲು ಶಿಕ್ಷಣ ಕೊಟ್ಟುದೇ ಆ ಯೋಜನೆಯ ಬಲವಾಯಿತು.

ಮುಕ್ತ ವ್ಯವಸ್ಥೆಗಳೂ ಹಳೆಯ ಯಂತ್ರಗಳನ್ನು ಕೈಬಿಡುವುದುಂಟಲ್ಲವೆ ಎಂಬುದು ಎರಡನೆಯ ಆಕ್ಷೇಪಣೆ. ಉಂಟು. ಉಬುಂಟು ೨೦೧೮ರ ಹೊತ್ತಿಗೆ ೩೨ ಬಿಟ್ಟಿನ ಹಳೆಯ ಯಂತ್ರಗಳಿಗೆ ಹೊಸ ತಟ್ಟೆಯನ್ನು ಕೊಡುವುದನ್ನು ನಿಲ್ಲಿಸಿತು. ಭೇದವಿಷ್ಟೇ: ಒಬ್ಬರು ಕೈಬಿಟ್ಟುದನ್ನು ಇನ್ನೊಬ್ಬರು ಎತ್ತಿಕೊಳ್ಳಲು ಅಡ್ಡಿಯಿಲ್ಲ. ಎತ್ತಿಕೊಳ್ಳುವವರು ದೊರೆಯುವರೆಂಬ ಭರವಸೆಯನ್ನು ಮಾತ್ರ ಯಾವ ಪರವಾನಗಿಯೂ ಕೊಡಲಾರದು.

೭

ಕನ್ನಡದ ಬರೆಹಗಾರರಿಗೂ ವಿದ್ವಾಂಸರಿಗೂ ಈ ವಿಚಾರವು ಪರದೇಶದ ಸುದ್ದಿಯಲ್ಲ. ಕನ್ನಡ ಲಿಪಿಗೆ ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ೧೯೯೧ರಲ್ಲಿಯೇ ಸ್ಥಾನ ದೊರೆಯಿತು. ಆದರೆ ಅದು ಬಳಕೆಗೆ ಬರಲು ಬಹುಕಾಲ ಹಿಡಿದುದರಿಂದ, ಮಧ್ಯಕಾಲದ ಬರೆಹವೆಲ್ಲ ಆಯಾ ತಂತ್ರಾಂಶದ ಅಕ್ಷರರೂಪಗಳಿಗೆ ಮಾತ್ರ ಹೊಂದುವ ಖಾಸಗಿ ಸಂಕೇತಗಳಲ್ಲಿ ನಡೆಯಿತು. ಅಂತಹ ಕಡತವನ್ನು ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು ಕಾಣುತ್ತವೆ. ಹತ್ತಾರು ವರ್ಷಗಳ ಗ್ರಂಥಸಂಪಾದನೆ, ಪದಸಂಗ್ರಹ, ಪಾಠಾಂತರಗಳ ಟಿಪ್ಪಣಿ ಇಂತಹ ಕಡತಗಳಲ್ಲಿದ್ದವನು ವ್ಯವಸ್ಥೆಯನ್ನು ಬದಲಾಯಿಸಲು ಅಂಜಿದರೆ ಅದು ಆಲಸ್ಯವಲ್ಲ. ಹಳೆಯದನ್ನು ಕಾಪಾಡುವ ಇಚ್ಛೆಯು ಇಲ್ಲಿ ವಲಸೆಗೆ ಅಡ್ಡಿಯಾಗಿ ನಿಂತಿದೆ. ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡವನಿಗೆ ಆ ಅಡ್ಡಿಯಿಲ್ಲ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯ ವಿನ್ಯಾಸವೂ ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಅಕ್ಷರರೂಪಗಳೂ ಮುಕ್ತ ವ್ಯವಸ್ಥೆಗಳಲ್ಲಿ ದೊರೆಯುತ್ತವೆ. ಗ್ನೋಮ್, ಕೆಡಿಇಗಳ ಪದಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಈ ಕಾರ್ಯಕ್ಕೆ ಅವರು ಯಾವ ಸಂಸ್ಥೆಯ ಅನುಮತಿಯನ್ನೂ ಕಾಯಬೇಕಾಗಿರಲಿಲ್ಲವೆಂಬುದು ಮುಖ್ಯ. ಕೊಳ್ಳುವವರ ಸಂಖ್ಯೆಯನ್ನು ನೋಡಿ ಭಾಷೆಗಳನ್ನು ಆರಿಸುವ ವ್ಯಾಪಾರಿಯ ಲೆಕ್ಕದಲ್ಲಿ ಕನ್ನಡವು ಯಾವಾಗಲೂ ಮೊದಲು ಬರುವುದೆಂದು ನಂಬುವಂತಿಲ್ಲ.

೮

ಉಬುಂಟುವಿನ ಮೊದಲ ಆವೃತ್ತಿಗೂ ಮುಂಚೆ, ೨೦೦೪ನೆಯ ಆಗಸ್ಟಿನಲ್ಲಿ, ಷಟಲ್‌ವರ್ತ್ ತನ್ನ ಯೋಜನೆಯ ದೋಷಗಳ ಪಟ್ಟಿಯನ್ನು ತೆರೆದು, ಮಾರುಕಟ್ಟೆಯ ಬಹುಭಾಗವು ಮೈಕ್ರೋಸಾಫ್ಟಿನ ವಶದಲ್ಲಿರುವುದನ್ನೇ ಮೊದಲನೆಯ ದೋಷವೆಂದು ನಮೂದಿಸಿದ್ದನು. ೨೦೧೩ನೆಯ ಮೇ ತಿಂಗಳಲ್ಲಿ ಅದು ಪರಿಹಾರವಾಯಿತೆಂದು ಆತನೇ ಬರೆದನು. ಪರಿಹಾರವು ಬಂದುದು ಉಬುಂಟುವಿನಿಂದಲ್ಲ. ಲಿನಕ್ಸಿನ ತಿರುಳನ್ನೇ ಒಳಗಿಟ್ಟುಕೊಂಡ ಆಂಡ್ರಾಯ್ಡ್ ಮೊದಲಾದವುಗಳ ಮೂಲಕ ಕೈಫೋನುಗಳ ದಾರಿಯಿಂದ ಬಂದಿತು. ಮೇಜಿನ ಮೇಲಿನ ಯಂತ್ರದಲ್ಲಿ ಜನರು ಹಿಂಡಾಗಿ ವಲಸೆ ಬರಲಿಲ್ಲ. ಒಬ್ಬೊಬ್ಬರಾಗಿ, ಹಳೆಯ ಆಶ್ರಯ ತಪ್ಪಿದಾಗಲೆಲ್ಲ ಬಂದರು.

ಇದುವರೆಗಿನ ವಿಚಾರದಿಂದ ಫಲಿಸುವುದಿಷ್ಟು. ಮುಕ್ತ ವ್ಯವಸ್ಥೆಯ ಹೊಸ್ತಿಲು ತಗ್ಗುವವರೆಗೆ ಅದರ ಬೆಲೆಯೂ ಸ್ವಾತಂತ್ರ್ಯವೂ ಸಾಮಾನ್ಯರನ್ನು ಸೆಳೆಯಲಿಲ್ಲ. ಹೊಸ್ತಿಲು ತಗ್ಗಿದ ಮೇಲೂ ಅವರು ಹೊರಟುದು ತಮ್ಮ ಯಂತ್ರಕ್ಕೋ ಅಭ್ಯಾಸಕ್ಕೋ ಧಕ್ಕೆ ಬಂದಾಗ. ಬಂದವರು ನಿಂತುದು ತಮ್ಮ ಕಾಗದಪತ್ರಗಳೂ ಉಪಕರಣಗಳೂ ಅಲ್ಲಿಯೂ ಕೈಗೆ ದೊರೆತಾಗ. ಸ್ವಾತಂತ್ರ್ಯವನ್ನು ಬೋಧಿಸಿದವರು ನಿರೀಕ್ಷಿಸಿದುದು ಹೀಗಲ್ಲದಿರಬಹುದು. ಆದರೆ ಸ್ಟಾಲ್‌ಮನ್ನನ ಮೊದಲ ಸಂಕಲ್ಪವೂ ಅಳಿಯುತ್ತಿದ್ದ ಹಳೆಯ ರೂಢಿಯೊಂದನ್ನು ಉಳಿಸುವುದೇ ಆಗಿತ್ತೆಂಬುದನ್ನು ನೆನೆದರೆ, ಹೊಸ ಯಂತ್ರ ಕೊಳ್ಳಲೊಲ್ಲದೆ ಮಿಂಟಿಗೆ ಬಂದ ಗುಮಾಸ್ತನೂ ಆತನೂ ಬಹುದೂರದವರಾಗಿ ತೋರುವುದಿಲ್ಲ. ಇಬ್ಬರೂ ಕೇಳಿದುದು ತಮಗೆ ಬೇಕಾದುದನ್ನು ಮುಂದುವರಿಸಿಕೊಂಡು ಹೋಗುವ ಹಕ್ಕನ್ನೇ.